ಗೆಲಾಕ್ಸಿಯ ಕೇಂದ್ರದಲ್ಲಿರುವ ಕಪ್ಪುಕುಳಿ: ಎಷ್ಟು ತೂಕ, ಎಷ್ಟು ಜಾಗದಲ್ಲಿ?

ನಮ್ಮ ಗೆಲಾಕ್ಸಿಯಾದ ಆಕಾಶಗಂಗೆಯ ನಟ್ಟನಡುವೆ, ಭೂಮಿಯಿಂದ ಸುಮಾರು 27,000 ಜ್ಯೋತಿರ್ವರ್ಷ ದೂರದಲ್ಲಿ, ಸೂರ್ಯನ 43 ಲಕ್ಷ ಪಟ್ಟು ದ್ರವ್ಯರಾಶಿಯುಳ್ಳ ಕಪ್ಪುಕುಳಿಯೊಂದಿದೆ. ಈ ಸಂಗತಿ ಇಂದು ಶಾಲಾ ಮಕ್ಕಳಿಗೂ ಗೊತ್ತು. ಆದರೆ ಬೆಳಕನ್ನೇ ಹೊರಬಿಡದ ವಸ್ತುವೊಂದನ್ನು ಅಷ್ಟು ದೂರದಿಂದ ಹೇಗೆ ತೂಗಿದರು, ಆ ತೂಕ ಕಪ್ಪುಕುಳಿಯದೇ ಹೊರತು ಮಂಕಾದ ನಕ್ಷತ್ರಗಳ ಗುಂಪಿನದೋ ಅನಿಲದ ಮೋಡದ್ದೋ ಅಲ್ಲವೆಂದು ಯಾವ ಆಧಾರದ ಮೇಲೆ ಹೇಳುತ್ತಾರೆ ಎಂಬುದು ಅಷ್ಟಾಗಿ ಪ್ರಚಾರಕ್ಕೆ ಬಂದಿಲ್ಲ. ಗೆಲಾಕ್ಸಿ ಕೇಂದ್ರಗಳ ಬಗ್ಗೆ ಕಳೆದ ಅರವತ್ತು ವರ್ಷಗಳಲ್ಲಿ ನಡೆದಿರುವ ಸಂಶೋಧನೆಯ ಬಹುಭಾಗವು ಒಂದೇ ಪ್ರಶ್ನೆಯ ಸುತ್ತ ಸುತ್ತುತ್ತದೆ: ಎಷ್ಟು ತೂಕ, ಎಷ್ಟು ಜಾಗದಲ್ಲಿ? ತೂಕವನ್ನು ಅಳೆಯುವುದು ಅರ್ಧ ಕೆಲಸ ಮಾತ್ರ. ಆ ತೂಕ ಅಡಗಿರುವ ಜಾಗವನ್ನು ಕಿರಿದುಗೊಳಿಸುತ್ತ ಹೋಗಿ, ಬೇರೆ ಯಾವ ವಸ್ತುವೂ ಅಲ್ಲಿ ಹಿಡಿಸಲಾರದು ಎಂಬ ಹಂತ ತಲುಪುವುದು ಉಳಿದರ್ಧ.

ಕಪ್ಪುಕುಳಿಯ ಅಳತೆ ಲೆಕ್ಕದಲ್ಲಿ ಬಹಳ ಸರಳ. ಐನ್‌ಸ್ಟೈನ್ ಅವರ ಸಾಮಾನ್ಯ ಸಾಪೇಕ್ಷತಾ ಸಿದ್ಧಾಂತದ ಸಮೀಕರಣಗಳಿಗೆ ಕಾರ್ಲ್ ಶ್ವಾರ್ಜ್‌ಶೀಲ್ಡ್ 1916ರಲ್ಲಿ ಪ್ರಕಟಿಸಿದ ಉತ್ತರದ ಪ್ರಕಾರ, ಸೂರ್ಯನಷ್ಟು ದ್ರವ್ಯರಾಶಿಯನ್ನು ಸುಮಾರು 3 ಕಿಲೋಮೀಟರ್ ತ್ರಿಜ್ಯದ ಗೋಳದೊಳಕ್ಕೆ ಅದುಮಿದರೆ ಅದರಿಂದ ಬೆಳಕೂ ಹೊರಬರಲಾರದು. ಆ ಗೋಳದ ಅಂಚನ್ನು ಘಟನಾ ದಿಗಂತವೆನ್ನುತ್ತಾರೆ. ದ್ರವ್ಯರಾಶಿ ಎರಡು ಪಟ್ಟಾದರೆ ಈ ತ್ರಿಜ್ಯವೂ ಎರಡು ಪಟ್ಟಾಗುತ್ತದೆ. ಹಾಗಾಗಿ ನಮ್ಮ ಗೆಲಾಕ್ಸಿಯ ಕೇಂದ್ರದಲ್ಲಿರುವ ಕಪ್ಪುಕುಳಿಯ ತ್ರಿಜ್ಯ ಹತ್ತಿರ ಹತ್ತಿರ 1.3 ಕೋಟಿ ಕಿಲೋಮೀಟರ್. ಬುಧಗ್ರಹದ ಕಕ್ಷೆಯೊಳಗೆ ಅದು ಸಲೀಸಾಗಿ ಕೂರುತ್ತದೆ. ತ್ರಿಜ್ಯ ಎರಡು ಪಟ್ಟಾದಾಗ ಗೋಳದ ಗಾತ್ರ ಎಂಟು ಪಟ್ಟಾಗುವುದರಿಂದ, ಕಪ್ಪುಕುಳಿ ದೊಡ್ಡದಾದಷ್ಟೂ ಅದರ ಸರಾಸರಿ ಸಾಂದ್ರತೆ ಕುಸಿಯುತ್ತದೆ. ಕನ್ಯಾ ರಾಶಿಯ ದಿಕ್ಕಿನಲ್ಲಿರುವ ಎಂ87 ಗೆಲಾಕ್ಸಿಯ ಕೇಂದ್ರದಲ್ಲಿ ಸೂರ್ಯನ 650 ಕೋಟಿ ಪಟ್ಟು ದ್ರವ್ಯರಾಶಿಯ ಕಪ್ಪುಕುಳಿಯಿದ್ದು, ದಿಗಂತದೊಳಗಿನ ಜಾಗಕ್ಕೆ ಆ ದ್ರವ್ಯರಾಶಿಯನ್ನು ಹಂಚಿ ನೋಡಿದರೆ ಸರಾಸರಿ ಸಾಂದ್ರತೆ ನಾವು ಉಸಿರಾಡುವ ಗಾಳಿಗಿಂತಲೂ ಕಡಿಮೆ ಬರುತ್ತದೆ. ಕಪ್ಪುಕುಳಿಯೆಂದರೆ ಊಹೆಗೆ ನಿಲುಕದ ಸಾಂದ್ರತೆಯ ವಸ್ತು ಎಂಬ ಮಾತು ನಕ್ಷತ್ರದ ಸಾವಿನಿಂದ ಹುಟ್ಟುವ ಚಿಕ್ಕ ಕಪ್ಪುಕುಳಿಗಳಿಗೆ ಸರಿ. ಗೆಲಾಕ್ಸಿಗಳ ಕೇಂದ್ರದಲ್ಲಿರುವ ದೈತ್ಯರಿಗೆ ಅದು ಈ ಅರ್ಥದಲ್ಲಿ ಹೊಂದುವುದಿಲ್ಲ.

ಇಂಥ ದೈತ್ಯ ಕಪ್ಪುಕುಳಿಗಳಿರಬೇಕು ಎಂಬ ಸಂಶಯ ಹುಟ್ಟಿದ್ದು ಕತ್ತಲೆಯಿಂದಲ್ಲ, ವಿಪರೀತ ಬೆಳಕಿನಿಂದ. 1963ರಲ್ಲಿ ಮಾರ್ಟನ್ ಶ್ಮಿಟ್ ಕ್ಯಾಲಿಫೋರ್ನಿಯಾದ ಪಾಲೊಮಾರ್ ದೂರದರ್ಶಕದಿಂದ ಪಡೆದ 3ಸಿ 273 ಎಂಬ ಆಕಾಶಕಾಯದ ರೋಹಿತವನ್ನು, ಅಂದರೆ ಬಣ್ಣಬಣ್ಣವಾಗಿ ಬಿಡಿಸಿದ ಅದರ ಬೆಳಕನ್ನು, ಪರಿಶೀಲಿಸುತ್ತಿದ್ದರು. ನೋಡಲು ಸಾಧಾರಣ ನಕ್ಷತ್ರದಂತಿದ್ದ ಆ ಚುಕ್ಕೆಯ ರೋಹಿತರೇಖೆಗಳು ಯಾವ ಧಾತುವಿನವೆಂದೇ ತಿಳಿಯುತ್ತಿರಲಿಲ್ಲ. ಅವು ಸಾಮಾನ್ಯ ಜಲಜನಕದ ರೇಖೆಗಳೇ, ಆದರೆ ಶೇಕಡ 15.8ರಷ್ಟು ಕೆಂಪಿನ ಕಡೆಗೆ ಸರಿದಿವೆ ಎಂದು ಶ್ಮಿಟ್ ಗುರುತಿಸಿದಾಗ ಒಗಟು ಬಿಡಿಸಿಕೊಂಡಿತು, ಮತ್ತು ಇನ್ನೂ ದೊಡ್ಡ ಒಗಟು ಎದುರಾಯಿತು. ವಿಶ್ವದ ಹಿಗ್ಗುವಿಕೆಯಿಂದ ಉಂಟಾದ ಅಷ್ಟು ಪಲ್ಲಟಕ್ಕೆ ಆ ಕಾಯ 200 ಕೋಟಿಗೂ ಹೆಚ್ಚು ಜ್ಯೋತಿರ್ವರ್ಷ ದೂರದಲ್ಲಿರಬೇಕು. ಅಷ್ಟು ದೂರದಿಂದಲೂ ಚಿಕ್ಕ ದೂರದರ್ಶಕಕ್ಕೆ ಕಾಣಬೇಕಾದರೆ ಅದು ಇಡೀ ಆಕಾಶಗಂಗೆಗಿಂತ ಹಲವು ಪಟ್ಟು ಪ್ರಕಾಶಮಾನವಾಗಿರಬೇಕು. ಕ್ವೇಸಾರ್ ಎಂದು ಹೆಸರಾದ ಇಂಥ ಕಾಯಗಳ ಬೆಳಕು ತಿಂಗಳುಗಳಲ್ಲಿ, ಕೆಲವೊಮ್ಮೆ ವಾರಗಳಲ್ಲಿಯೇ ಏರಿಳಿಯುತ್ತಿತ್ತು. ವಸ್ತುವೊಂದರ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಬೆಳಕು ಸಾಗಲು ಬೇಕಾದ ಕಾಲಕ್ಕಿಂತ ಬೇಗನೆ ಅದರ ಒಟ್ಟು ಪ್ರಕಾಶ ಬದಲಾಗಲಾರದು. ಆದ್ದರಿಂದ ಬೆಳಕು ಹೊರಡುವ ಜಾಗದ ಅಗಲ ಕೆಲವು ಜ್ಯೋತಿರ್ಮಾಸಗಳನ್ನು ಮೀರುವಂತಿರಲಿಲ್ಲ.

ಅಷ್ಟು ಚಿಕ್ಕ ಜಾಗದಲ್ಲಿ ಅಷ್ಟು ಶಕ್ತಿಯನ್ನು ಹುಟ್ಟಿಸಲು ನಕ್ಷತ್ರಗಳಿಂದ ಆಗದು. ಸೂರ್ಯನ ಒಡಲಲ್ಲಿ ಜಲಜನಕವು ಹೀಲಿಯಂ ಆಗುವಾಗ ಇಂಧನದ ದ್ರವ್ಯರಾಶಿಯ ಶೇಕಡ 0.7ರಷ್ಟು ಮಾತ್ರ ಶಕ್ತಿಯಾಗಿ ಹೊರಬರುತ್ತದೆ. ಕಪ್ಪುಕುಳಿಯತ್ತ ಬೀಳುವ ಅನಿಲದ ಲೆಕ್ಕವೇ ಬೇರೆ. ಅನಿಲವು ನೇರವಾಗಿ ಒಳಗೆ ಬೀಳುವುದಿಲ್ಲ. ಅದರಲ್ಲಿ ಅಷ್ಟಿಷ್ಟಾದರೂ ಸುತ್ತುಚಲನೆ ಇದ್ದೇ ಇರುವುದರಿಂದ ಅದು ತಟ್ಟೆಯಾಕಾರದಲ್ಲಿ ಹರಡಿ, ಒಳಸುತ್ತು ವೇಗವಾಗಿ ಹೊರಸುತ್ತು ನಿಧಾನವಾಗಿ ತಿರುಗುತ್ತ, ಕಾಂತಕ್ಷೇತ್ರಗಳ ಎಳೆದಾಟದಲ್ಲಿ ಕಾದು ಬಿಳುಪೇರಿ, ಸುತ್ತುಚಲನೆಯನ್ನು ಹೊರಕ್ಕೆ ದಾಟಿಸುತ್ತ ಸ್ವಲ್ಪಸ್ವಲ್ಪವಾಗಿ ಒಳಗೆ ಜಾರುತ್ತದೆ. ಹೀಗೆ ಜಾರುವ ಹೊತ್ತಿಗೆ, ಕಪ್ಪುಕುಳಿ ಎಷ್ಟು ಜೋರಾಗಿ ತನ್ನ ಸುತ್ತ ತಾನೇ ತಿರುಗುತ್ತಿದೆ ಎಂಬುದನ್ನು ಅವಲಂಬಿಸಿ, ದ್ರವ್ಯರಾಶಿಯ ಶೇಕಡ 6ರಿಂದ ಸುಮಾರು 40ರವರೆಗೆ ಬೆಳಕಾಗಿ ಹೊರಬೀಳಬಲ್ಲದು. ಶೇಕಡ 10 ಎಂದು ಇಟ್ಟುಕೊಂಡರೂ, ವರ್ಷಕ್ಕೆ ಒಂದು ಸೂರ್ಯನಷ್ಟು ಅನಿಲವನ್ನು ನುಂಗುವ ಕಪ್ಪುಕುಳಿಯ ಸುತ್ತಲಿನ ತಟ್ಟೆ ಒಂದೂವರೆ ಲಕ್ಷ ಕೋಟಿ ಸೂರ್ಯರಷ್ಟು ಬೆಳಗುತ್ತದೆ. ಕ್ವೇಸಾರ್‌ಗಳ ಹಿಂದೆ ಇಂಥ ವ್ಯವಸ್ಥೆಯಿದೆ ಎಂದು 1964ರಲ್ಲಿ ಅಮೆರಿಕದ ಎಡ್ವಿನ್ ಸಾಲ್ಪೀಟರ್ ಮತ್ತು ಸೋವಿಯತ್ ಒಕ್ಕೂಟದ ಯಾಕೋವ್ ಝೆಲ್ಡೋವಿಚ್ ಪ್ರತ್ಯೇಕವಾಗಿ ಸೂಚಿಸಿದರು.

ಬ್ರಿಟನ್ನಿನ ಡೊನಾಲ್ಡ್ ಲಿಂಡನ್-ಬೆಲ್ 1969ರಲ್ಲಿ ಈ ವಾದವನ್ನು ಒಂದು ಹೆಜ್ಜೆ ಮುಂದಕ್ಕೆ ಒಯ್ದರು. ಕ್ವೇಸಾರ್‌ಗಳು ಹೆಚ್ಚಾಗಿ ಕಾಣುವುದು ಬಹು ದೂರದಲ್ಲಿ, ಅಂದರೆ ಬಹಳ ಹಿಂದಿನ ಕಾಲದಲ್ಲಿ. ಅನಿಲ ಮುಗಿದು ಅವು ಆರಿಹೋಗಿರಬಹುದು, ಆದರೆ ನುಂಗಿದ ದ್ರವ್ಯರಾಶಿ ಎಲ್ಲಿಗೂ ಹೋಗಿರುವುದಿಲ್ಲ. ಹಾಗಿದ್ದರೆ ನಮ್ಮ ನೆರೆಹೊರೆಯ ಸಾಧಾರಣ ಗೆಲಾಕ್ಸಿಗಳ ಕೇಂದ್ರದಲ್ಲಿಯೇ ಆರಿದ ಕ್ವೇಸಾರ್‌ಗಳು, ಎಂದರೆ ಹಸಿದು ಕುಳಿತ ಕಪ್ಪುಕುಳಿಗಳು, ಇರಲೇಬೇಕು. 1971ರಲ್ಲಿ ಲಿಂಡನ್-ಬೆಲ್ ಮತ್ತು ಮಾರ್ಟಿನ್ ರೀಸ್ ಆಕಾಶಗಂಗೆಯ ಕೇಂದ್ರದಲ್ಲಿಯೂ ಇಂಥದೊಂದು ಇರಬಹುದೆಂದೂ, ಅದು ರೇಡಿಯೊ ಅಲೆಗಳಲ್ಲಿ ಪುಟ್ಟ ಚುಕ್ಕೆಯಾಗಿ ಕಾಣಬಹುದೆಂದೂ ಬರೆದರು. 1974ರ ಫೆಬ್ರುವರಿಯಲ್ಲಿ ಬ್ರೂಸ್ ಬಾಲಿಕ್ ಮತ್ತು ರಾಬರ್ಟ್ ಬ್ರೌನ್ ಅಮೆರಿಕದ ಗ್ರೀನ್ ಬ್ಯಾಂಕ್ ರೇಡಿಯೊ ದೂರದರ್ಶಕಗಳಿಂದ ಆ ಚುಕ್ಕೆಯನ್ನು ಪತ್ತೆಹಚ್ಚಿದರು. ಅದಕ್ಕೆ ಮುಂದೆ ಬ್ರೌನ್ ಅವರೇ ಇಟ್ಟ ಹೆಸರು ಸ್ಯಾಜಿಟೇರಿಯಸ್ ಎ-ಸ್ಟಾರ್.

ಆದರೆ ಚುಕ್ಕೆ ಕಂಡಿತೆಂದ ಮಾತ್ರಕ್ಕೆ ಅದು ಕಪ್ಪುಕುಳಿಯೆಂದು ಹೇಳಲಾಗದು, ಅದನ್ನು ತೂಗಬೇಕು. ತೂಗುವುದಕ್ಕೆ ಅದರ ಸುತ್ತ ಸುತ್ತುವ ಯಾವುದಾದರೂ ಬೇಕು. ಅಡ್ಡಿಯಿದ್ದದ್ದು ಇಲ್ಲಿಯೇ. ಆಕಾಶಗಂಗೆಯ ಕೇಂದ್ರ ನಮಗೆ ಕಾಣುವುದು ಧನು ರಾಶಿಯಲ್ಲಿ, ವೃಶ್ಚಿಕದ ಬಾಲದ ಮೂಲಾ ನಕ್ಷತ್ರದಿಂದ ಅಷ್ಟೇನೂ ದೂರವಲ್ಲದ ಎಡೆಯಲ್ಲಿ. (ಅದು ರಾತ್ರಿಯ ಆಕಾಶದಲ್ಲಿ ಎತ್ತರಕ್ಕೆ ಬರುವ ಜೂನ್–ಜುಲೈ ತಿಂಗಳುಗಳಲ್ಲಿ ಕರ್ನಾಟಕದ ಮೇಲೆ ಮುಂಗಾರಿನ ಮೋಡ ಕವಿದಿರುತ್ತದೆ ಎಂಬುದು ಇಲ್ಲಿನ ಆಕಾಶವೀಕ್ಷಕರ ದುರದೃಷ್ಟ.) ಮೋಡವಿಲ್ಲದಿದ್ದರೂ ಬರಿಗಣ್ಣಿಗಾಗಲಿ ಸಾಧಾರಣ ದೂರದರ್ಶಕಕ್ಕಾಗಲಿ ಆ ಕೇಂದ್ರ ಕಾಣುವುದಿಲ್ಲ, ನಡುವೆ ತುಂಬಿರುವ ಅಂತರತಾರಾ ಧೂಳಿನಿಂದಾಗಿ ಅಲ್ಲಿಂದ ಹೊರಟ ಕಣ್ಣಿಗೆ ಕಾಣುವ ಬೆಳಕಿನಲ್ಲಿ ನಮ್ಮನ್ನು ತಲುಪುವುದು ಲಕ್ಷ ಕೋಟಿಯಲ್ಲಿ ಒಂದು ಪಾಲಿನಷ್ಟು. ಕಣ್ಣಿಗೆ ಕಾಣದ ಅವಕೆಂಪು ಕಿರಣಗಳಾದರೆ ಸುಮಾರು ಹತ್ತರಲ್ಲಿ ಒಂದು ಪಾಲು ಪಾರಾಗಿ ಬರುತ್ತವೆ. ಭೂಮಿಯ ವಾತಾವರಣದ ಅಲುಗಾಟ ಚಿತ್ರವನ್ನು ಕದಡುವುದು ಎರಡನೆಯ ತೊಡಕು. ಸೆಕೆಂಡಿಗೆ ನೂರಾರು ಬಾರಿ ಕನ್ನಡಿಯ ಆಕಾರವನ್ನು ತಿದ್ದಿ ಆ ಕದಡುವಿಕೆಯನ್ನು ರದ್ದುಗೊಳಿಸುವ ತಂತ್ರ ಪಕ್ವವಾದ ಮೇಲೆ ಆ ಜಾಗದ ಒಂದೊಂದು ನಕ್ಷತ್ರವನ್ನೂ ಬಿಡಿಬಿಡಿಯಾಗಿ ನೋಡುವುದು ಸಾಧ್ಯವಾಯಿತು.

ಜರ್ಮನಿಯ ರೈನ್‌ಹಾರ್ಡ್ ಗೆನ್ಜೆಲ್ ಅವರ ತಂಡ 1992ರಿಂದ ಚಿಲಿ ದೇಶದಲ್ಲಿರುವ ಯುರೋಪಿಯನ್ ದೂರದರ್ಶಕಗಳನ್ನೂ, ಅಮೆರಿಕದ ಆಂಡ್ರಿಯಾ ಗೆಜ್ ಅವರ ತಂಡ 1995ರಿಂದ ಹವಾಯಿಯ ಕೆಕ್ ದೂರದರ್ಶಕವನ್ನೂ ಬಳಸಿ, ಪರಸ್ಪರ ಸ್ಪರ್ಧೆಯಲ್ಲಿ, ವರ್ಷ ವರ್ಷವೂ ಅದೇ ಪುಟ್ಟ ತುಣುಕು ಆಕಾಶದ ಚಿತ್ರ ತೆಗೆಯುತ್ತ ಹೋದವು. ನಕ್ಷತ್ರಗಳು ಸ್ಥಾನ ಬದಲಿಸುತ್ತಿದ್ದವು, ಕೆಲವು ಅತಿವೇಗದಿಂದ. ಅವುಗಳಲ್ಲಿ ಎಸ್2 ಎಂಬ ನಕ್ಷತ್ರವು 16 ವರ್ಷಗಳಿಗೊಮ್ಮೆ ಉದ್ದನೆಯ ದೀರ್ಘವೃತ್ತದಲ್ಲಿ ಸುತ್ತುವುದು ಗೊತ್ತಾಯಿತು. ಆ ದೀರ್ಘವೃತ್ತದ ಒಂದು ನಾಭಿಯಲ್ಲಿ, ಅವಕೆಂಪು ಚಿತ್ರದಲ್ಲಿ ಏನೂ ಇಲ್ಲದಂತೆ ಕಾಣುತ್ತಿದ್ದ ಸ್ಥಾನದಲ್ಲಿ, ಸ್ಯಾಜಿಟೇರಿಯಸ್ ಎ-ಸ್ಟಾರ್ ಇತ್ತು.

ಮುಂದಿನ ಲೆಕ್ಕವನ್ನು ಓದುಗರು ತಾವೇ ಮಾಡಿ ನೋಡಬಹುದು, ಏಕೆಂದರೆ ಅದಕ್ಕೆ ನಾನೂರು ವರ್ಷ ಹಳೆಯ ಕೆಪ್ಲರ್ ನಿಯಮ ಸಾಕು. ಭೂಮಿ–ಸೂರ್ಯರ ದೂರವನ್ನು ಒಂದು ಎಂದು ಹಿಡಿದರೆ ಎಸ್2 ಕಕ್ಷೆಯ ಅರ್ಧ ಉದ್ದ ಸುಮಾರು 1,030. ಇದರ ಘನ ಸುಮಾರು 109 ಕೋಟಿ. ಸುತ್ತಿನ ಅವಧಿಯಾದ 16 ವರ್ಷದ ವರ್ಗ 256. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ನಡುವಿನ ವಸ್ತುವಿನ ದ್ರವ್ಯರಾಶಿ ಸೂರ್ಯನ ಎಷ್ಟು ಪಟ್ಟು ಎಂಬುದು ಸಿಗುತ್ತದೆ: ಹತ್ತಿರ ಹತ್ತಿರ 43 ಲಕ್ಷ. ಇನ್ನು ಜಾಗದ ಮಾತು. ಎಸ್2 ತನ್ನ ಕಕ್ಷೆಯ ಅತಿ ಸಮೀಪದ ಬಿಂದುವಿನಲ್ಲಿ ಭೂಮಿ–ಸೂರ್ಯರ ದೂರದ 120 ಪಟ್ಟಿನಷ್ಟು, ಅಂದರೆ ನೆಪ್ಚೂನ್ ಕಕ್ಷೆಯ ನಾಲ್ಕು ಪಟ್ಟಿನಷ್ಟು ಅಂತರದಲ್ಲಿ, ಸೆಕೆಂಡಿಗೆ ಸುಮಾರು 7,700 ಕಿಲೋಮೀಟರ್ ವೇಗದಲ್ಲಿ ಹಾದುಹೋಗುತ್ತದೆ. ಅಲ್ಲಿಯೂ ಅದು ಯಾವುದಕ್ಕೂ ಡಿಕ್ಕಿ ಹೊಡೆಯದೆ, ಕಕ್ಷೆ ಕೆಡದೆ, ಮತ್ತೆ ಹೊರಬರುತ್ತದೆ. ಎಂದರೆ ಆ 43 ಲಕ್ಷ ಸೂರ್ಯರ ತೂಕ ಪೂರ್ತಿಯಾಗಿ ಅದಕ್ಕಿಂತ ಒಳಗೇ ಇದೆ. ಆರಿದ ನಕ್ಷತ್ರಗಳ ಗುಂಪೊಂದು ಅಷ್ಟು ಇಕ್ಕಟ್ಟಿನಲ್ಲಿ ಇದ್ದಿದ್ದರೆ ಅವು ಪರಸ್ಪರ ಎಳೆದಾಡಿ ಗೆಲಾಕ್ಸಿಯ ವಯಸ್ಸಿಗೆ ಹೋಲಿಸಿದರೆ ತೀರ ಅಲ್ಪ ಕಾಲದಲ್ಲಿ ಚದುರಿಹೋಗಬೇಕಿತ್ತು, ಇಲ್ಲವೆ ಕುಸಿದು ಕಪ್ಪುಕುಳಿಯೇ ಆಗಬೇಕಿತ್ತು.

ಜಾಗವನ್ನು ಇನ್ನೂ ಕಿರಿದುಗೊಳಿಸುವ ಸಾಕ್ಷ್ಯಗಳು ಬೇರೆ ಬೇರೆ ಕಡೆಯಿಂದ ಬಂದವು. ಸುತ್ತಲಿನ ನಕ್ಷತ್ರಗಳು ಸೆಕೆಂಡಿಗೆ ಸಾವಿರಾರು ಕಿಲೋಮೀಟರ್ ಓಡುತ್ತಿದ್ದರೂ ರೇಡಿಯೊ ಚುಕ್ಕೆ ಮಾತ್ರ ಕದಲುವುದೇ ಇಲ್ಲ. ಗೆಲಾಕ್ಸಿಯ ತಟ್ಟೆಗೆ ಲಂಬವಾದ ದಿಕ್ಕಿನಲ್ಲಿ ಅದರ ವೇಗ ಸೆಕೆಂಡಿಗೆ ಒಂದು ಕಿಲೋಮೀಟರನ್ನೂ ಮುಟ್ಟುವುದಿಲ್ಲ. ಹಗುರವಾದ ವಸ್ತು ಆ ಗದ್ದಲದಲ್ಲಿ ಹಾಗೆ ಅಲುಗದೆ ಕುಳಿತಿರಲಾರದು. 2018ರಲ್ಲಿ ಗೆನ್ಜೆಲ್ ತಂಡ ನಾಲ್ಕು ದೊಡ್ಡ ದೂರದರ್ಶಕಗಳ ಬೆಳಕನ್ನು ಒಂದುಗೂಡಿಸುವ ಗ್ರಾವಿಟಿ ಉಪಕರಣದಿಂದ, ದಿಗಂತದ ಸಮೀಪದಲ್ಲೇ ಕಾದ ಅನಿಲದ ಪ್ರಜ್ವಲನಗಳು ಬೆಳಕಿನ ವೇಗದ ಶೇಕಡ 30ರಷ್ಟು ವೇಗದಲ್ಲಿ ಸುತ್ತುವುದನ್ನು ಕಂಡಿತು. ಅದೇ ವರ್ಷದ ಮೇ ತಿಂಗಳಲ್ಲಿ ಎಸ್2 ಮತ್ತೊಮ್ಮೆ ಸಮೀಪಕ್ಕೆ ಬಂದಾಗ ಗುರುತ್ವದಿಂದ ಅದರ ಬೆಳಕು ಕೆಂಪಿಗೆ ಸರಿಯುವುದೂ, 2020ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಅದರ ದೀರ್ಘವೃತ್ತವು ಪ್ರತಿ ಸುತ್ತಿಗೆ ಸುಮಾರು 12 ಕಲೆಯಷ್ಟು ತಿರುಗುವುದೂ ಖಚಿತವಾದವು. ಬುಧಗ್ರಹದ ಕಕ್ಷೆ ಇದೇ ಕಾರಣದಿಂದ ತಿರುಗುವುದು ಶತಮಾನಕ್ಕೆ 43 ವಿಕಲೆ ಮಾತ್ರ. 60 ವಿಕಲೆ ಸೇರಿದರೆ ಒಂದು ಕಲೆ, 60 ಕಲೆ ಸೇರಿದರೆ ಒಂದು ಡಿಗ್ರಿ.

ಗೆನ್ಜೆಲ್ ಮತ್ತು ಗೆಜ್ 2020ರ ಭೌತವಿಜ್ಞಾನದ ನೊಬೆಲ್ ಪ್ರಶಸ್ತಿಯ ಅರ್ಧವನ್ನು ಹಂಚಿಕೊಂಡರು. ಉಳಿದರ್ಧ ರೋಜರ್ ಪೆನ್‌ರೋಸ್ ಅವರಿಗೆ ಸಂದಿತು. ದ್ರವ್ಯ ಒಂದು ಮಿತಿ ಮೀರಿ ಕುಸಿದರೆ ಕಪ್ಪುಕುಳಿಯಾಗುವುದು ಅನಿವಾರ್ಯ, ಅದು ಶ್ವಾರ್ಜ್‌ಶೀಲ್ಡ್ ಊಹಿಸಿಕೊಂಡ ಪರಿಪೂರ್ಣ ಗೋಳಕ್ಕಷ್ಟೇ ಸೀಮಿತವಲ್ಲ ಎಂದು 1965ರಲ್ಲಿ ಅವರು ಸಾಧಿಸಿದ್ದರು. ಆ ಸಾಧನೆಯ ಬೆನ್ನೆಲುಬಿನಲ್ಲಿರುವುದು ಕೋಲ್ಕತ್ತದ ಅಮಲ್ ಕುಮಾರ್ ರಾಯ್‌ಚೌಧರಿ 1955ರಲ್ಲಿ ಪ್ರಕಟಿಸಿದ ಸಮೀಕರಣ. ಪ್ರಶಸ್ತಿಯ ಸುದ್ದಿಯಲ್ಲಿ ಈ ಹೆಸರಿಗೆ ಸಿಗಬೇಕಾದಷ್ಟು ಜಾಗ ಸಿಗಲಿಲ್ಲವೆಂದು ನನಗೆ ಅನ್ನಿಸುತ್ತದೆ.

ಜನಸಾಮಾನ್ಯರ ಮನಸ್ಸಿನಲ್ಲಿ ಉಳಿದದ್ದು ಕಕ್ಷೆಗಿಂತ ಹೆಚ್ಚಾಗಿ ಚಿತ್ರ. ಭೂಮಿಯ ಬೇರೆ ಬೇರೆ ಭಾಗಗಳಲ್ಲಿರುವ ಎಂಟು ರೇಡಿಯೊ ದೂರದರ್ಶಕಗಳನ್ನು ಪರಮಾಣು ಗಡಿಯಾರಗಳ ನೆರವಿನಿಂದ ಹೊಂದಿಸಿ, ಭೂಮಿಯಷ್ಟೇ ದೊಡ್ಡ ದೂರದರ್ಶಕದ ಸೂಕ್ಷ್ಮತೆಯನ್ನು ಪಡೆದ ಈವೆಂಟ್ ಹೊರೈಜನ್ ಟೆಲಿಸ್ಕೋಪ್ ತಂಡ, 2017ರ ಏಪ್ರಿಲ್‌ನಲ್ಲಿ ವೀಕ್ಷಣೆ ನಡೆಸಿ, ಎಂ87ರ ಕಪ್ಪುಕುಳಿಯ ಚಿತ್ರವನ್ನು 2019ರ ಏಪ್ರಿಲ್ 10ರಂದೂ ನಮ್ಮ ಗೆಲಾಕ್ಸಿಯದನ್ನು 2022ರ ಮೇ 12ರಂದೂ ಬಿಡುಗಡೆ ಮಾಡಿತು. ಎಂ87ರದ್ದು ನಮ್ಮದಕ್ಕಿಂತ ಸುಮಾರು 1,500 ಪಟ್ಟು ಭಾರ, ಆದರೆ 5.5 ಕೋಟಿ ಜ್ಯೋತಿರ್ವರ್ಷದ ದೂರವೂ ಸುಮಾರು 2,000 ಪಟ್ಟು. ಹಾಗಾಗಿ ಆಕಾಶದಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ ಗಾತ್ರದಲ್ಲಿ ಕಾಣುತ್ತವೆ. ಚಂದ್ರನ ಮೇಲೆ ಒಂದು ತೆಂಗಿನಕಾಯಿ ಇಟ್ಟರೆ ಇಲ್ಲಿಂದ ಎಷ್ಟು ದೊಡ್ಡದಾಗಿ ಕಂಡೀತೋ ಅಷ್ಟು. ಎರಡೂ ಚಿತ್ರಗಳನ್ನು ಒಂದೇ ತಿಂಗಳ ವೀಕ್ಷಣೆಯಿಂದ ರೂಪಿಸಿದರೂ ಎರಡನೆಯದು ಮೂರು ವರ್ಷ ತಡವಾದದ್ದಕ್ಕೆ ಮುಖ್ಯ ಕಾರಣ ಗಾತ್ರವೇ: ಎಂ87ರ ಸುತ್ತ ಅನಿಲ ಒಂದು ಸುತ್ತು ಬರಲು ದಿನಗಳು, ವಾರಗಳು ಹಿಡಿಯುತ್ತವೆ, ಇಲ್ಲಿಯದು ನಿಮಿಷಗಳಲ್ಲಿ ಮುಗಿಯುತ್ತದೆ. ಒಂದು ರಾತ್ರಿಯ ವೀಕ್ಷಣೆ ನಡೆಯುತ್ತಿರುವಾಗಲೇ ನೋಡುತ್ತಿರುವ ರೂಪ ಬದಲಾಗಿಬಿಟ್ಟಿರುತ್ತದೆ. ಚಿತ್ರದ ಉಂಗುರದ ನಡುವಿನ ಕತ್ತಲೆ ದಿಗಂತವೇ ಅಲ್ಲ; ಬೆಳಕು ಬಾಗಿ ಒಳಬೀಳುವುದರಿಂದ ಉಂಟಾಗುವ, ದಿಗಂತದ ಸುಮಾರು ಎರಡೂವರೆ ಪಟ್ಟು ಅಗಲದ ನೆರಳು. ಉಂಗುರದ ಅಳತೆ ಎಸ್2 ಕಕ್ಷೆಯಿಂದ ಲೆಕ್ಕ ಹಾಕಿದ ದ್ರವ್ಯರಾಶಿಗೆ ತಾಳೆಯಾಯಿತು. ಚಿತ್ರದ ಆಕರ್ಷಣೆಯನ್ನು ಒಪ್ಪುತ್ತಲೇ, ಸಾಕ್ಷ್ಯದ ಬಲದಲ್ಲಿ ಎಸ್2ರ ಕಕ್ಷೆಯನ್ನೇ ನಾನು ಮೇಲಿಡುತ್ತೇನೆ. ಅಲ್ಲಿ ಊಹೆಗೆ ಉಳಿದಿರುವ ಅವಕಾಶ ತೀರ ಕಡಿಮೆ.

ಬೇರೆ ಗೆಲಾಕ್ಸಿಗಳಲ್ಲಿ ಬಿಡಿ ನಕ್ಷತ್ರಗಳನ್ನು ಹೀಗೆ ಹಿಂಬಾಲಿಸಲಾಗದು. ಅಲ್ಲಿ ಕೇಂದ್ರದ ಸುತ್ತಲಿನ ನಕ್ಷತ್ರಸಮೂಹದ ಒಟ್ಟು ವೇಗವನ್ನೋ ಅನಿಲದ ವೇಗವನ್ನೋ ರೋಹಿತದಿಂದ ಅಳೆಯುತ್ತಾರೆ. ಅಪರೂಪಕ್ಕೆ ನಿಸರ್ಗವೇ ಅನುಕೂಲ ಮಾಡಿಕೊಟ್ಟಿರುತ್ತದೆ. ಎನ್‌ಜಿಸಿ 4258 ಎಂಬ ಗೆಲಾಕ್ಸಿಯ ಕೇಂದ್ರದ ತೆಳುವಾದ ತಟ್ಟೆಯಲ್ಲಿ ನೀರಿನ ಆವಿಯ ಅಣುಗಳು ಲೇಸರ್ ಮಾದರಿಯಲ್ಲಿ ರೇಡಿಯೊ ಅಲೆಗಳನ್ನು ಹೊಮ್ಮಿಸುತ್ತವೆ. 1995ರಲ್ಲಿ ಅವುಗಳ ಚಲನೆಯನ್ನು ಅಳೆದಾಗ ಅರ್ಧ ಜ್ಯೋತಿರ್ವರ್ಷಕ್ಕಿಂತ ಕಿರಿದಾದ ತ್ರಿಜ್ಯದೊಳಗೆ ಸೂರ್ಯನ ಸುಮಾರು 4 ಕೋಟಿ ಪಟ್ಟು ದ್ರವ್ಯರಾಶಿ ಇರುವುದು ಬಯಲಾಯಿತು. ದೂರ ಹೆಚ್ಚಾದಷ್ಟೂ ವಿಧಾನಗಳು ಪರೋಕ್ಷವಾಗುತ್ತವೆ, ತಪ್ಪಿನ ಅಂಚೂ ಅಗಲವಾಗುತ್ತದೆ.

ನಮ್ಮ ಗೆಲಾಕ್ಸಿಯ ಕಪ್ಪುಕುಳಿ ಇಂದು ಉಪವಾಸದಲ್ಲಿದೆ. ಅದರಷ್ಟು ದ್ರವ್ಯರಾಶಿಗೆ ಗರಿಷ್ಠ 14,000 ಕೋಟಿ ಸೂರ್ಯರಷ್ಟು ಬೆಳಗುವ ಸಾಮರ್ಥ್ಯವಿದ್ದರೂ ಅದರ ಸುತ್ತಲಿನಿಂದ ಬರುತ್ತಿರುವ ಒಟ್ಟು ಬೆಳಕು ಕೆಲವು ನೂರು ಸೂರ್ಯರಷ್ಟು ಮಾತ್ರ. ಹತ್ತಿರದ ದೊಡ್ಡ ನಕ್ಷತ್ರಗಳು ಬೀಸುವ ಗಾಳಿಯೇ ಅದಕ್ಕೆ ಸಿಗುವ ಆಹಾರ, ಅದರಲ್ಲೂ ಬಹುಪಾಲು ಒಳಗೆ ಸೇರದೆ ಹೊರಕ್ಕೆ ಹಾರಿಹೋಗುತ್ತದೆ. ಯಾವಾಗಲೂ ಹೀಗಿರಲಿಲ್ಲ. ನೆರೆಯ ಅನಿಲಮೋಡಗಳಿಗೆ ಬಡಿದು ತಡವಾಗಿ ನಮ್ಮತ್ತ ತಿರುಗಿದ ಕ್ಷ-ಕಿರಣಗಳನ್ನು 2023ರಲ್ಲಿ ಐಕ್ಸ್‌ಪಿ ಉಪಗ್ರಹದ ನೆರವಿನಿಂದ ವಿಶ್ಲೇಷಿಸಿದವರು, ಸುಮಾರು 200 ವರ್ಷಗಳ ಹಿಂದೆ (ಬೆಳಕು ನಮ್ಮನ್ನು ತಲುಪುವ ಲೆಕ್ಕದಲ್ಲಿ) ಅದು ಸ್ವಲ್ಪ ಕಾಲ ಈಗಿನದಕ್ಕಿಂತ ಬಹುಪಟ್ಟು ಪ್ರಕಾಶಮಾನವಾಗಿತ್ತೆಂದು ತೋರಿಸಿದರು.

ಕಪ್ಪುಕುಳಿ ಸುತ್ತಲಿನದೆಲ್ಲವನ್ನೂ ಹೀರಿಕೊಳ್ಳುತ್ತದೆ, ಒಂದು ದಿನ ಇಡೀ ಗೆಲಾಕ್ಸಿಯನ್ನೇ ನುಂಗುತ್ತದೆ ಎಂಬ ಟಿವಿ ಕಾರ್ಯಕ್ರಮಗಳ ಮಾತಿಗೆ ಆಧಾರವಿಲ್ಲ. ದೂರದಿಂದ ನೋಡಿದರೆ ಅದರ ಗುರುತ್ವಕ್ಕೂ ಅಷ್ಟೇ ತೂಕದ ನಕ್ಷತ್ರಗುಚ್ಛದ ಗುರುತ್ವಕ್ಕೂ ವ್ಯತ್ಯಾಸವಿಲ್ಲ. ಸೂರ್ಯ ಗೆಲಾಕ್ಸಿಯ ಕೇಂದ್ರವನ್ನು 22–23 ಕೋಟಿ ವರ್ಷಗಳಿಗೊಮ್ಮೆ ಸುತ್ತುವುದು ಕಪ್ಪುಕುಳಿಯ ಸೆಳೆತದಿಂದಲ್ಲ. ಆ ಕಕ್ಷೆಯೊಳಗಿನ ನಕ್ಷತ್ರ, ಅನಿಲ, ಬೆಳಕು ಬೀರದ ಕಪ್ಪುದ್ರವ್ಯ ಎಲ್ಲ ಸೇರಿ ಸುಮಾರು 10,000 ಕೋಟಿ ಸೂರ್ಯರಷ್ಟು ದ್ರವ್ಯರಾಶಿಯಿದ್ದು, ಅದರಲ್ಲಿ ಕಪ್ಪುಕುಳಿಯ ಪಾಲು ಇಪ್ಪತ್ಮೂರು ಸಾವಿರದಲ್ಲಿ ಒಂದರಷ್ಟು. ನಾಳೆ ಅದು ಮಾಯವಾದರೂ ಸೂರ್ಯನ ಪಥದಲ್ಲಿ ಗಮನಕ್ಕೆ ಬರುವಂಥ ಬದಲಾವಣೆ ಆಗುವುದಿಲ್ಲ. ಲಕ್ಷ ಜ್ಯೋತಿರ್ವರ್ಷ ಅಗಲದ ಗೆಲಾಕ್ಸಿಯಲ್ಲಿ ಅದರ ಗುರುತ್ವದ ಆಡಳಿತ ನಡೆಯುವುದು ಹತ್ತು ಜ್ಯೋತಿರ್ವರ್ಷದ ಆಸುಪಾಸಿನಲ್ಲಿ ಮಾತ್ರ.

ಇಷ್ಟು ಅಲ್ಪ ವ್ಯಾಪ್ತಿಯ ವಸ್ತುವಿಗೂ ಇಡೀ ಗೆಲಾಕ್ಸಿಗೂ ಸಂಬಂಧವೇ ಇರಬಾರದಾಗಿತ್ತು. ಆದರೆ ಇದೆ. ಗೆಲಾಕ್ಸಿಯ ನಡುವಿನ ಉಬ್ಬಿನಲ್ಲಿ ನಕ್ಷತ್ರಗಳು ಎಷ್ಟು ವೇಗದಲ್ಲಿ ಅತ್ತಿತ್ತ ಓಡಾಡುತ್ತವೆಯೋ ಅದಕ್ಕೂ ಕಪ್ಪುಕುಳಿಯ ದ್ರವ್ಯರಾಶಿಗೂ ಬಿಗಿಯಾದ ನಂಟಿದೆಯೆಂದು 2000ದಲ್ಲಿ ಎರಡು ತಂಡಗಳು ಒಟ್ಟೊಟ್ಟಿಗೆ ಪ್ರಕಟಿಸಿದವು. ಆ ನಕ್ಷತ್ರಗಳಲ್ಲಿ ಹೆಚ್ಚಿನವು ಕಪ್ಪುಕುಳಿಯ ಗುರುತ್ವ ನಾಟದಷ್ಟು ದೂರದಲ್ಲಿರುವಂಥವು. ಸಾಮಾನ್ಯವಾಗಿ ಕಪ್ಪುಕುಳಿ ಆ ಉಬ್ಬಿನ ದ್ರವ್ಯರಾಶಿಯ ಸಾವಿರದಲ್ಲಿ ಒಂದರಿಂದ ಐದು ಪಾಲಿನಷ್ಟಿರುತ್ತದೆ. ಉಬ್ಬೇ ಇಲ್ಲದ ಗೆಲಾಕ್ಸಿಗಳ ಕತೆ ಬೇರೆ: ನಮ್ಮ ನೆರೆಯ ಎಂ33ರ ಕೇಂದ್ರದಲ್ಲಿ ಕಪ್ಪುಕುಳಿ ಇದ್ದರೂ ಅದು 1,500 ಸೂರ್ಯರನ್ನು ಮೀರಲಾರದು ಎಂದು ಅಳತೆಗಳು ಹೇಳುತ್ತವೆ. ಪ್ರತಿ ಗೆಲಾಕ್ಸಿಯಲ್ಲೂ ದೈತ್ಯ ಕಪ್ಪುಕುಳಿ ಇದೆ ಎಂದು ಬರೆಯುವವರು ಈ ಎಂ33ನ್ನು ನೆನಪಿಟ್ಟುಕೊಳ್ಳಬೇಕು.

ನಂಟಿನ ಕಾರಣವನ್ನು ಗುರುತ್ವದಲ್ಲಲ್ಲ, ಶಕ್ತಿಯ ಲೆಕ್ಕದಲ್ಲಿ ಹುಡುಕಬೇಕು. ಕಪ್ಪುಕುಳಿ ತನ್ನ ಜೀವಮಾನದಲ್ಲಿ ಬೆಳೆಯುತ್ತ ಹೊರಚೆಲ್ಲಿದ ಶಕ್ತಿಯನ್ನು ಕೂಡಿಸಿದರೆ, ಅದರ ಸುತ್ತಲಿನ ಉಬ್ಬನ್ನು ಗುರುತ್ವವು ಹಿಡಿದಿಟ್ಟುಕೊಂಡಿರುವ ಶಕ್ತಿಯ ನೂರು ಪಟ್ಟನ್ನೂ ಮೀರುತ್ತದೆ. ಅದರಲ್ಲಿ ನೂರರ ಒಂದು ಪಾಲು ಅನಿಲಕ್ಕೆ ತಾಗಿದರೂ ಸಾಕು, ಹೊಸ ನಕ್ಷತ್ರಗಳು ಹುಟ್ಟಬೇಕಾದ ಅನಿಲವೇ ಕಾದು ಚದುರಿಹೋಗುತ್ತದೆ; ಅದರೊಂದಿಗೆ ಕಪ್ಪುಕುಳಿಯ ಆಹಾರವೂ ನಿಲ್ಲುತ್ತದೆ. ಇದು ಬರಿಯ ಲೆಕ್ಕವಲ್ಲ. ಪರ್ಸಿಯಸ್ ಗೆಲಾಕ್ಸಿ ಗುಚ್ಛದ ನಡುವಿನ ಎನ್‌ಜಿಸಿ 1275 ಎಂಬ ಗೆಲಾಕ್ಸಿಯ ಕಪ್ಪುಕುಳಿಯಿಂದ ಹೊರಚಿಮ್ಮಿದ ಕಣಧಾರೆಗಳು ಸುತ್ತಲಿನ ಕೋಟ್ಯಂತರ ಡಿಗ್ರಿಯ ಅನಿಲದಲ್ಲಿ ಸಾವಿರಾರು ಜ್ಯೋತಿರ್ವರ್ಷ ಅಗಲದ ಪೊಳ್ಳುಗಳನ್ನು ಕೊರೆದಿರುವುದನ್ನು ಚಂದ್ರಾ ಕ್ಷ-ಕಿರಣ ವೀಕ್ಷಣಾಲಯದ ಚಿತ್ರಗಳು ತೋರಿಸಿವೆ. ಎಂ87ರಿಂದ ಹೊರಡುವ ಅಂಥ ಧಾರೆಯನ್ನು ಹೀಬರ್ ಕರ್ಟಿಸ್ 1918ರಷ್ಟು ಹಿಂದೆಯೇ ನೆಟ್ಟನೆಯ ವಿಚಿತ್ರ ಕಿರಣವೆಂದು ದಾಖಲಿಸಿದ್ದರು. ಅದರ ಬುಡದಲ್ಲಿ ಏನಿದೆಯೆಂಬುದು ಅಂದು ಯಾರ ಕಲ್ಪನೆಗೂ ಬರುವಂತಿರಲಿಲ್ಲ.

ಇವು ಹುಟ್ಟಿದ್ದು ಹೇಗೆ ಎಂಬ ಪ್ರಶ್ನೆಯಲ್ಲಿ ಜಾಗದ ಸ್ಥಾನಕ್ಕೆ ಕಾಲ ಬರುತ್ತದೆ: ಎಷ್ಟು ತೂಕ, ಎಷ್ಟು ಕಾಲದಲ್ಲಿ? ಕಪ್ಪುಕುಳಿ ಮನಬಂದಷ್ಟು ವೇಗವಾಗಿ ಬೆಳೆಯಲಾರದು. ನುಂಗುವುದು ಹೆಚ್ಚಾದಂತೆ ಹೊರಬರುವ ಬೆಳಕಿನ ಒತ್ತಡವೇ ಬರುತ್ತಿರುವ ಅನಿಲವನ್ನು ಹಿಂದಕ್ಕೆ ತಳ್ಳುತ್ತದೆ. ಆರ್ಥರ್ ಎಡಿಂಗ್ಟನ್ ಅವರ ಹೆಸರಿನ ಈ ಮಿತಿಯಲ್ಲೇ ಬಿಡುವಿಲ್ಲದೆ ನುಂಗಿದರೂ ದ್ರವ್ಯರಾಶಿ ಇಮ್ಮಡಿಯಾಗಲು ಸುಮಾರು 3.5 ಕೋಟಿ ವರ್ಷ ಬೇಕು. ನಕ್ಷತ್ರವೊಂದು ಸತ್ತು ಹುಟ್ಟಿದ, 100 ಸೂರ್ಯರಷ್ಟು ತೂಕದ ಬೀಜದಿಂದ ಹೊರಟರೆ 24 ಬಾರಿ ಇಮ್ಮಡಿಯಾದ ಮೇಲೆ 160 ಕೋಟಿ ಸೂರ್ಯರ ಗಡಿ ದಾಟುತ್ತದೆ. ಅದಕ್ಕೆ ಹಿಡಿಯುವ ಕಾಲ 84 ಕೋಟಿ ವರ್ಷ. ಆದರೆ 2021ರಲ್ಲಿ ವರದಿಯಾದ ಜೆ0313-1806 ಎಂಬ ಕ್ವೇಸಾರ್‌ನಲ್ಲಿ ಮಹಾಸ್ಫೋಟವಾಗಿ 67 ಕೋಟಿ ವರ್ಷ ಕಳೆಯುವಷ್ಟರಲ್ಲೇ ಸುಮಾರು 160 ಕೋಟಿ ಸೂರ್ಯರಷ್ಟು ತೂಕದ ಕಪ್ಪುಕುಳಿ ತಯಾರಾಗಿತ್ತು. ಬೀಜವೇ ಒಂದು ಲಕ್ಷ ಸೂರ್ಯರಷ್ಟಿತ್ತೆಂದುಕೊಂಡರೆ 14 ಇಮ್ಮಡಿಗಳು ಸಾಕು, 49 ಕೋಟಿ ವರ್ಷಗಳಲ್ಲಿ ಲೆಕ್ಕ ಮುಗಿಯುತ್ತದೆ. ಅಷ್ಟು ದೊಡ್ಡ ಬೀಜ ಸಿಗುವ ಒಂದು ದಾರಿಯೆಂದರೆ, ಆದಿಕಾಲದ ಶುದ್ಧ ಜಲಜನಕ–ಹೀಲಿಯಂ ಅನಿಲದ ಮೋಡವು ತಣಿದು ಚೂರುಚೂರಾಗಿ ಸಾಧಾರಣ ನಕ್ಷತ್ರಗಳಾಗುವ ಬದಲು ಇಡಿಯಾಗಿ ಕುಸಿಯುವುದು. ಯೇಲ್ ವಿಶ್ವವಿದ್ಯಾಲಯದ ಪ್ರಿಯಂವದಾ ನಟರಾಜನ್ ಮತ್ತು ಸಂಗಡಿಗರು ಬಹುಕಾಲದಿಂದ ಮಂಡಿಸುತ್ತಿದ್ದ ವಾದವಿದು. 2023ರಲ್ಲಿ ಜೇಮ್ಸ್ ವೆಬ್ ದೂರದರ್ಶಕ ಮತ್ತು ಚಂದ್ರಾ ಒಟ್ಟಾಗಿ ಗುರುತಿಸಿದ ಯುಎಚ್‌ಜಡ್1 ಎಂಬ ಗೆಲಾಕ್ಸಿಯಲ್ಲಿ, ಮಹಾಸ್ಫೋಟದ ನಂತರದ 47 ಕೋಟಿ ವರ್ಷದ ಹೊತ್ತಿಗೇ, ಕಪ್ಪುಕುಳಿಯ ದ್ರವ್ಯರಾಶಿ ಅಲ್ಲಿನ ನಕ್ಷತ್ರಗಳೆಲ್ಲದರ ಒಟ್ಟು ದ್ರವ್ಯರಾಶಿಗೆ ಹತ್ತಿರ ಹತ್ತಿರ ಸಮನಾಗಿತ್ತು. ಇದು ದೊಡ್ಡ ಬೀಜದ ಪಕ್ಷಕ್ಕೆ ಬಲ ಕೊಡುತ್ತದೆ. ಎಡಿಂಗ್ಟನ್ ಮಿತಿಯನ್ನು ಆಗಾಗ ಮುರಿದು ಬೆಳೆದಿರಬಹುದೆಂಬ ಇನ್ನೊಂದು ಪಕ್ಷವೂ ಸೋಲೊಪ್ಪಿಲ್ಲ, ವಾದ ಇತ್ಯರ್ಥವಾಗಿಲ್ಲ.

ಬೆಳೆಯಲು ಮತ್ತೊಂದು ಮಾರ್ಗವಿದೆ: ಗೆಲಾಕ್ಸಿಗಳು ಒಂದರೊಡನೊಂದು ಬೆರೆತಾಗ ಅವುಗಳ ಕಪ್ಪುಕುಳಿಗಳು ಜೋಡಿಯಾಗಿ ಸುತ್ತುತ್ತ, ಕೊನೆಗೆ ಒಂದಾಗುವುದು. ಅಂಥ ಜೋಡಿಗಳು ಹೊಮ್ಮಿಸುವ ಗುರುತ್ವ ಅಲೆಗಳು, ಅಂದರೆ ದೇಶಕಾಲದಲ್ಲೇ ಏಳುವ ಅಲೆಗಳು, ಒಂದು ಏರಿಳಿತಕ್ಕೆ ವರ್ಷಗಟ್ಟಲೆ ತೆಗೆದುಕೊಳ್ಳಬಲ್ಲವು. ಅವುಗಳ ಒಟ್ಟಾರೆ ಗುಂಜಾರವ ಎನ್ನಬಹುದಾದ ಸುಳಿವನ್ನು, ಪಲ್ಸಾರ್‌ಗಳೆಂಬ ಸತ್ತ ನಕ್ಷತ್ರಗಳ ಕರಾರುವಾಕ್ಕಾದ ರೇಡಿಯೊ ಮಿಡಿತಗಳಲ್ಲಿ ಉಂಟಾಗುವ ನವಿರಾದ ಏರುಪೇರುಗಳ ಮೂಲಕ, 2023ರ ಜೂನ್‌ನಲ್ಲಿ ಹಲವು ದೇಶಗಳ ತಂಡಗಳು ಪ್ರಕಟಿಸಿದವು. ಪುಣೆ ಬಳಿಯ ಜಿಎಂಆರ್‌ಟಿ ರೇಡಿಯೊ ದೂರದರ್ಶಕವನ್ನು ಬಳಸುವ ಭಾರತೀಯ ತಂಡವೂ ಅವುಗಳಲ್ಲಿ ಒಂದು.

ಜೋಡಿ ಒಂದಾಗುವ ಆ ಗಳಿಗೆಯನ್ನೇ ಕೇಳಬೇಕಾದರೆ ಆಕಾಶಕ್ಕೆ ಹೋಗಬೇಕು. 25 ಲಕ್ಷ ಕಿಲೋಮೀಟರ್ ಅಂತರದಲ್ಲಿ ಮೂರು ನೌಕೆಗಳನ್ನು ತ್ರಿಕೋನವಾಗಿ ಹಾರಿಸಿ ನಡುವೆ ಲೇಸರ್ ಕಿರಣ ಹಾಯಿಸುವ ಲೀಸಾ ಯೋಜನೆಗೆ ಯುರೋಪಿಯನ್ ಬಾಹ್ಯಾಕಾಶ ಸಂಸ್ಥೆ 2024ರ ಜನವರಿಯಲ್ಲಿ ಅಂತಿಮ ಒಪ್ಪಿಗೆ ನೀಡಿದ್ದು, ಉಡಾವಣೆ 2035ರ ಸುಮಾರಿಗೆ ನಡೆಯಬೇಕಿದೆ. ಅದು ಕಿವಿಗೊಡುವ ಸಂಕೇತಗಳಲ್ಲೊಂದನ್ನು ಮೊದಲು ಲೆಕ್ಕದಲ್ಲಿ ಕಂಡವರು ಬೆಂಗಳೂರಿನ ಸಿ. ವಿ. ವಿಶ್ವೇಶ್ವರ. ಕದಡಿದ ಕಪ್ಪುಕುಳಿಯೊಂದು ಬೇಗಬೇಗನೆ ಕ್ಷೀಣಿಸುವ ಕಂಪನಗಳ ಮೂಲಕ ಶಾಂತಸ್ಥಿತಿಗೆ ಮರಳುತ್ತದೆಂದೂ, ಆ ಕಂಪನದ ಗತಿ ಕಪ್ಪುಕುಳಿಯ ದ್ರವ್ಯರಾಶಿಯಿಂದಲೇ ನಿರ್ಧಾರವಾಗುತ್ತದೆಂದೂ 1970ರಲ್ಲಿ ಅವರು ತೋರಿಸಿದರು. ಬೆಂಗಳೂರಿನ ಜವಾಹರಲಾಲ್ ನೆಹರು ತಾರಾಲಯವನ್ನು ಕಟ್ಟಿ ಬೆಳೆಸಿದವರೂ ಅವರೇ. 2017ರಲ್ಲಿ ತೀರಿಕೊಳ್ಳುವ ಮುನ್ನ, ಚಿಕ್ಕ ಕಪ್ಪುಕುಳಿಗಳ ವಿಲೀನವನ್ನು ಅಮೆರಿಕದ ಗುರುತ್ವ ಅಲೆ ವೀಕ್ಷಣಾಲಯವಾದ ಲೈಗೋ ಪತ್ತೆಹಚ್ಚಿದ್ದನ್ನು ಕಂಡಿದ್ದರು. ಆ ಕಂಪನಗಳು ಸೆಕೆಂಡಿಗೆ ನೂರಾರು. ಕಪ್ಪುಕುಳಿ ದೊಡ್ಡದಾದಷ್ಟೂ ಕಂಪನ ನಿಧಾನವಾಗುತ್ತದೆ. ಆಕಾಶಗಂಗೆಯ ಕೇಂದ್ರದಲ್ಲಿರುವಷ್ಟು ದ್ರವ್ಯರಾಶಿಯ ಕಪ್ಪುಕುಳಿ ತನ್ನ ಸುತ್ತ ತಾನು ತಿರುಗದೆ ಇದ್ದರೆ ಅಂಥ ಒಂದು ಕಂಪನಕ್ಕೆ ಸುಮಾರು ಆರು ನಿಮಿಷ ಬೇಕು. ತಿರುಗುತ್ತಿದ್ದರೆ ಅದಕ್ಕಿಂತ ಕಡಿಮೆ. ಭೂಮಿಯ ಮೇಲಿನ ಯಾವ ಉಪಕರಣವೂ ನೆಲದ ಅದುರುವಿಕೆಯ ನಡುವೆ ಅಷ್ಟು ನಿಧಾನದ ಅಲೆಯನ್ನು ಬೇರ್ಪಡಿಸಲಾರದು. ಲೀಸಾದ ನೌಕೆಗಳ ಅಂತರವನ್ನು ಗೊತ್ತುಮಾಡಿರುವುದು ಮುಖ್ಯವಾಗಿ ಇದೇ ಬಗೆಯ ಅಲೆಗಳಿಗಾಗಿ.